ಎರಡು ಬಾಗಿಲಿನ ಕಾರು, ಹೊಳೆಯ ಮಣ್ಣು

ಐವತ್ತು ದಾಟಿದ ಮೇಲೆ ನನಗೊಂದು ಸ್ಪೋರ್ಟ್ಸ್ ಕಾರು ಬೇಕೆನಿಸಿತು. ಎರಡೇ ಬಾಗಿಲಿನದು, ನೆಲಕ್ಕೆ ತಗ್ಗಿ ಕೂತದ್ದು, ಕೈಯಲ್ಲೇ ಗೇರ್ ಹಾಕುವಂಥದ್ದು. ಹೊಸದು ನಮ್ಮಂಥವರ ಮಾತಲ್ಲ. ಹಳೆಯದನ್ನೇ ನೋಡಿ ಆರಿಸಿ, ಕೈಕಾಲು ಗಟ್ಟಿ ಇರುವವರೆಗೆ ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದೆ. ನಾನು ಚಿಕ್ಕೋಡಿಯಲ್ಲಿ ದನದ ಡಾಕ್ಟರು. ಇಲಾಖೆಯ ಜೀಪು ನಡೆಸಿಕೊಂಡು ಕರೋಶಿಯಿಂದ ರಾಯಬಾಗದವರೆಗೆ ಎಲ್ಲ ಕೆಟ್ಟ ರಸ್ತೆಗಳನ್ನೂ ಕಂಡವಳು. ನನ್ನ ಗಂಡ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಾರೆ. ಅವರಿಗೆ ಸ್ಕೂಟರ್ ಕೂಡ ಬರುವುದಿಲ್ಲ.

ನಿಪ್ಪಾಣಿಯ ಹೆದ್ದಾರಿ ಬದಿಯಲ್ಲಿ ಹಳೆಯ ಕಾರು ಮಾರುವವನೊಬ್ಬನ ಹತ್ತಿರ ಅಂಥದ್ದೊಂದು ಬಂದಿದೆ ಎಂದು ತಿಳಿದು ಒಂದು ಭಾನುವಾರ ಇಬ್ಬರೂ ಹೋದೆವು. ಕೆಂಪು ಬಣ್ಣ, ಕನ್ನಡಿಯಂಥ ಪಾಲಿಶ್. ಅಂಗಡಿಯವನು ಕುರ್ಚಿ ಹಾಕಿದ್ದು ಗಂಡನಿಗೆ, ಚಹಾ ತರಿಸಿದ್ದು ಗಂಡನಿಗೆ, ಕೀಲಿ ಕೊಟ್ಟದ್ದೂ ಅವರಿಗೇ. ಕಾರು ಬೇಕಾದದ್ದು ನನಗೆ, ನಡೆಸುವವಳೂ ನಾನೇ ಎಂದು ಹೇಳಿದೆ. ಅವನು ನಕ್ಕು, ‘ವೈನಿಯವರಿಗೆ ಬಣ್ಣ ಮನಸಿಗೆ ಬಂದಂಗೈತಿ, ಸರ್’ ಎಂದ. ಇಂಜಿನ್ನಿನ ಬಗ್ಗೆ ನಾನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಅವನ ಉತ್ತರ ಹೋಗುತ್ತಿದ್ದುದು ಗಂಡನ ಕಡೆಗೆ. ಅವರೋ, ಎಲ್ಲ ಅರ್ಥವಾದವರಂತೆ ತಲೆಯಾಡಿಸುತ್ತಿದ್ದರು.

ನಾನು ಕಾರನ್ನೇ ನೋಡತೊಡಗಿದೆ. ಇಂಜಿನ್ ಮೊದಲೇ ಬಿಸಿ ಮಾಡಿಟ್ಟಿದ್ದರು. ತಣ್ಣಗಿದ್ದಾಗ ಚಾಲೂ ಆಗಲು ಸತಾಯಿಸುವುದು ಗೊತ್ತಾಗದಿರಲೆಂದು ಹಾಗೆ ಮಾಡುತ್ತಾರೆ. ಅದೇ ಒಂದು ಸಂಶಯ. ಒಳಗೆ ಕುಳಿತರೆ ಅತ್ತರಿನ ಘಾಟು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಯಾರೂ ಎಳೆಯದ ಆ ಕೊನೆಯ ಭಾಗದಲ್ಲಿ ಕಂದು ಕಲೆ. ಹಿಟ್ಟಿನಂತೆ ನುಣುಪಾದ ಮಣ್ಣು ಬೆರಳಿಗೆ ಹತ್ತಿತು. ನನ್ನ ತವರು ಕೃಷ್ಣೆಯ ದಂಡೆಯ ಜುಗೂಳ. ಮಹಾಪೂರ ಇಳಿದ ಮೇಲೆ ಟ್ರಂಕಿನ ಸಂದಿಯಿಂದ, ದೇವರ ಗೂಡಿನಿಂದ, ಹೊಲಿಗೆ ಯಂತ್ರದ ಹೊಟ್ಟೆಯಿಂದ ಇದೇ ಮಣ್ಣನ್ನು ತೆಗೆದು ತೆಗೆದು ಅವ್ವನ ಉಗುರು ಸವೆದಿದ್ದವು.

ಈ ಗಾಡಿ ಹೊಳೆ ನೀರಿನಲ್ಲಿ ನಿಂತದ್ದಲ್ಲವೇ ಎಂದು ಕೇಳಿದೆ. ಅವನು ನನ್ನ ಕಡೆ ನೋಡಲೂ ಇಲ್ಲ.

‘ಸರ್, ಹೆಣ್ಮಕ್ಕಳಿಗೆ ಸಂಶೇ ಜಾಸ್ತಿ. ಅದು ಧೂಳ ಐತ್ರಿ.’

‘ಹೊಳಿ ನಮ್ಮ ಮನಿಯೊಳಗ ಬಂದು ಹೋಗೈತಿ,’ ಎಂದೆ. ‘ಅದು ಬಿಟ್ಟು ಹೋದ ಮಣ್ಣು ನನಗ ಗೊತ್ತಾಗ್ತೈತಿ. ನನ್ನ ಮಾರಿ ನೋಡಿ ಹೇಳ್ರಿ.’

ಆಗ ಅವನು ದನಿ ತಗ್ಗಿಸಿ, ಬೇಕಾದರೆ ರೇಟು ಇಳಿಸುತ್ತೇನೆ ಎಂದ, ಅದನ್ನೂ ಗಂಡನಿಗೇ. ಅಂದರೆ ಅವನಿಗೆ ಎಲ್ಲವೂ ಗೊತ್ತಿತ್ತು. ಒಳಗೆ ವೈರುಗಳು ಕೊಳೆಯುತ್ತಿರಬಹುದು, ಅಪಘಾತವಾದರೆ ಏರ್‌ಬ್ಯಾಗ್ ತೆರೆಯದೇ ಹೋಗಬಹುದು. ಗೊತ್ತಿದ್ದೂ ಪಾಲಿಶ್ ಹೊಡೆದು ನಿಲ್ಲಿಸಿದ್ದ. ನನ್ನ ಮೈಯೆಲ್ಲ ಉರಿಯಿತು. ಪಕ್ಕದಲ್ಲಿ ಬೇರೊಂದು ಕಾರು ನೋಡುತ್ತಿದ್ದ ಗಂಡಹೆಂಡತಿಗೆ, ಬೆಲ್ಟು ಪೂರ್ತಿ ಎಳೆದು ನೋಡಿರಿ ಎಂದು ಗಟ್ಟಿಯಾಗಿಯೇ ಹೇಳಿದೆ. ‘ಸರ್, ಇವರ್ನ ಕರ್ಕೊಂಡು ಹೋಗ್ರಿ’ ಎಂದ ಅಂಗಡಿಯವನು, ನಾನೇನೋ ಹಗ್ಗ ಹರಿದುಕೊಂಡು ಬಂದ ಎಮ್ಮೆಯೆಂಬಂತೆ.

ಗಂಡ ಚಹಾ ಮುಗಿಸಿಯೇ ಎದ್ದರು. ಅದಕ್ಕೂ ಸಿಟ್ಟು ಬಂತು. ದಾರಿಯಲ್ಲಿ ಅವರು, ಹೋಗಲಿ ಬಿಡು, ನಾವೇನೂ ಕೊಳ್ಳಲಿಲ್ಲವಲ್ಲ ಎಂದಾಗ ನಮ್ಮ ಹಳೆಯ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದೆ. ‘ನಾಳೆ ತೊಗೊಂಡವರ ಗತಿ ಏನ್ರಿ?’ ಎಂದು ಕೇಳಿದೆ. ಚಹಾ ಕುಡಿಯಬಾರದಿತ್ತು ಎಂದರು ಅವರು.

ಆಮೇಲೆ ಬೋರಗಾಂವದಲ್ಲಿ ಮಗ್ಗದ ಕಾರ್ಖಾನೆ ನಡೆಸುವ ಹಿರಿಯರೊಬ್ಬರ ಕಾರು ನೋಡಿದೆ. ಬೆನ್ನುನೋವಿನಿಂದ ಅಷ್ಟು ತಗ್ಗಿ ಕೂರಲಾಗದೆ ಮಾರುತ್ತಿದ್ದರು. ಮೇಲಿನ ನೀಲಿ ಬಣ್ಣ ಮಸುಕಾಗಿತ್ತು, ಎಸಿ ಸುಮಾರು. ಎರಡನ್ನೂ ಅವರೇ ಮೊದಲು ಹೇಳಿದರು. ತಣ್ಣಗಿದ್ದ ಇಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಕಾರಿನಲ್ಲಿ ಎಲ್ಲೂ ಏನೂ ಬದಲಾಯಿಸಿರಲಿಲ್ಲ. ಬಿಡಿಭಾಗಗಳು ಕೊಲ್ಹಾಪುರದಲ್ಲಿ ಸಿಗುತ್ತವೆಂದು ನಾನು ವಿಚಾರಿಸಿಕೊಂಡಿದ್ದೆ. ಪಕ್ಕದಲ್ಲಿ ಕಷ್ಟಪಟ್ಟು ಕುಳಿತ ಹಿರಿಯರು, ‘ಎಷ್ಟ್ ವರ್ಷ ಇಟ್ಕೋತೀರಿ, ಡಾಕ್ಟರ್?’ ಎಂದು ಕೇಳಿದರು. ಮಾರುವುದೇ ಇಲ್ಲ ಎಂದೆ. ಹಾಗಾದರೆ ತಳ ತಾಗದಂತೆ ರೋಡ್ ಹಂಪನ್ನು ಓರೆಯಾಗಿ ಹತ್ತಿಸಬೇಕೆಂದು ಹೇಳಿ, ಹೇಗೆಂದು ಕಲಿಸಿಕೊಟ್ಟರು.

ಈಗ ಅದು ನಮ್ಮ ಅಂಗಳದಲ್ಲಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತಡೆದುಕೊಂಡು ಹೋಗಿ, ಅಥಣಿ ರಸ್ತೆ ಖಾಲಿ ಸಿಕ್ಕಾಗ ಗೇರು ಏರಿಸುತ್ತೇನೆ. ಈ ವಯಸ್ಸಿನಲ್ಲಿ ಇದೇಕೆ ಮೇಡಂ ಎಂದು ಆಫೀಸಿನಲ್ಲಿ ಇನ್ನೂ ಕೇಳುತ್ತಾರೆ. ನಿವೃತ್ತಿಗೆ ಬಂದ ಗಂಡಸು ಸಹೋದ್ಯೋಗಿಯೊಬ್ಬರು ಮೊನ್ನೆ ಲಾರಿಯಷ್ಟು ದೊಡ್ಡ ಗಾಡಿ ತಂದಾಗ ಎಲ್ಲರೂ ಹೋಗಿ ಪೇಢೆ ತಿಂದು ಬಂದರು. ಅವರ ವಯಸ್ಸನ್ನು ಯಾರೂ ಕೇಳಲಿಲ್ಲ.