ಭಾನುವಾರ ನಮ್ಮ ಮೊದಲ ನಡೆ ದಿನೇಶಣ್ಣನದೇ

ಇಲ್ಲ... ಇದನ್ನು ನಂಬಲು ನಾನು ತಯಾರಿಲ್ಲ.

ನಿನ್ನೆ ಸಂಜೆಯಷ್ಟೇ ನಮ್ಮ ಚೆಸ್ ಕ್ಲಬ್ಬಿನ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದರು...
"ಭಾನುವಾರ ಉಡುಪಿಯವರು ಬರ್ತಾರೆ. ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿ ಬನ್ನಿ. ವಿಡಿಯೋ ನೋಡ್ಬೇಡಿ."

ಇವತ್ತು ಬೆಳಿಗ್ಗೆ ಕಾಪು ಪೇಟೆಯಲ್ಲಿ ತಮ್ಮ ಕನ್ನಡಕದ ಅಂಗಡಿಯ ಶಟರ್ ಎತ್ತುವಾಗ ಎದೆ ಹಿಡಿದು ಕುಳಿತರಂತೆ.
ಮಣಿಪಾಲದ ಆಸ್ಪತ್ರೆ ತಲುಪುವ ಮೊದಲೇ...

ಕಾರ್ಕಳದ ಕಾಲೇಜಿನಲ್ಲಿ ಪಾಠ ಮಾಡಿ ಮುಗಿಸಿ ಫೋನ್ ತೆಗೆದಾಗ ನನಗೆ ಗೊತ್ತಾಯಿತು.
ನಮ್ಮ ದಿನೇಶಣ್ಣ ಇನ್ನಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಅವರ ಅಂಗಡಿಯ ಮಾಳಿಗೆಯೇ ನಮ್ಮ ಕ್ಲಬ್.
ಪ್ರತಿ ಭಾನುವಾರ ಆಟ, ಚಹಾ, ಗೋಳಿಬಜೆ, ಮತ್ತೆ ಆಟ.
ಬಿಳಿ ಕಾಯಿ ಸಿಕ್ಕಿದರೆ ದಿನೇಶಣ್ಣನ ಮೊದಲ ನಡೆ ಯಾವತ್ತೂ ಒಂದೇ... ಬಿ3.
ರಾಣಿಯ ಕಡೆಯ ಕುದುರೆಯ ಮುಂದಿರುವ ಪಾನ್, ಒಂದೇ ಮನೆ ಮುಂದಕ್ಕೆ. ಅದು ಬಿಟ್ಟ ಜಾಗಕ್ಕೆ ಬಿಷಪ್.
ಅಷ್ಟೇ. ಅಲ್ಲಿಂದ ಆ ಬಿಷಪ್ ಬೋರ್ಡಿನ ಆಚೆ ಮೂಲೆಯವರೆಗೂ ನೋಡುತ್ತಾ ಕೂರುತ್ತದೆ.

ಆಗಿನಿಂದ ಫೇಸ್‌ಬುಕ್ಕಿನಲ್ಲಿ ಕೆಲವರ ಸಂತಾಪ ಓದುತ್ತಿದ್ದೇನೆ.
"ಒಳ್ಳೆಯ ಮನುಷ್ಯ. ಸರಿಯಾದ ಓಪನಿಂಗ್ ಕಲಿತಿದ್ದರೆ ಎಲ್ಲಿಗೋ ಹೋಗುತ್ತಿದ್ದರು."
ಸತ್ತವರನ್ನು ಹೊಗಳುವಾಗಲೂ ಒಂದು ಕೊಕ್ಕೆ.

ಸಿಟ್ಟು ಬರುತ್ತಿದೆ. ಅಳುವಿಗಿಂತ ಮೊದಲು ಸಿಟ್ಟೇ ಬರುತ್ತಿದೆ.

ಆಟ ಶುರು ಮಾಡಲಿಕ್ಕೆ ಸರಿಯಾದ ಓಪನಿಂಗ್ ಅಂದರೆ ಯಾವುದು ಸ್ವಾಮಿ?
ನಾನೂ ಅಂಥದ್ದನ್ನೇ ಕಲಿತು ಬಂದವಳು. ಫೋನಿನಲ್ಲಿ ನೋಡಿ ನೋಡಿ ಸಿಸಿಲಿಯನ್ ಎಂಬ ಹೆಸರಾಂತ ಓಪನಿಂಗ್ ಬಾಯಿಪಾಠ ಮಾಡಿದ್ದೆ. ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ.
ಮೊದಲ ಭಾನುವಾರವೇ ಎರ್ಮಾಳಿನ ಒಬ್ಬರು ನಾಲ್ಕನೇ ನಡೆಗೆ, ವಿಡಿಯೋದಲ್ಲಿ ಇಲ್ಲದ್ದನ್ನು ಆಡಿಬಿಟ್ಟರು.
ನನ್ನ ಮಗ್ಗಿ ಅಲ್ಲಿಗೇ ಮುಗಿಯಿತು.
ಪಕ್ಕದಲ್ಲಿ ನಿಂತಿದ್ದ ದಿನೇಶಣ್ಣ ಮೆಲ್ಲಗೆ ಹೇಳಿದರು...
"ಅವರು ಆ ವಿಡಿಯೋ ನೋಡಿಲ್ಲ ಟೀಚರ್. ಇನ್ನು ಎಂತ ಮಾಡುದು?"

ಮರುವಾರ ಹಟಕ್ಕೆ ಬಿದ್ದು, ಬೇಗ ಚೆಕ್‌ಮೇಟ್ ಕೊಡುವ ಒಂದು ಟ್ರಿಕ್ ಓಪನಿಂಗ್ ಕಲಿತು ಹೋದೆ. ಯಾರೂ ಆಡದ್ದು.
ಅದಕ್ಕೂ ತಲೆ ಅಲ್ಲಾಡಿಸಿದರು.
"ಬಲೆ ಬೀಸ್ಲಿಕ್ಕೆ ಎರ್ಮಾಳಿನ ಮೀನುಗಾರರಿದ್ದಾರೆ ಮಾರಾಯ್ರೆ. ನಾವು ಚೆಸ್ ಆಡುವ."
ಮತ್ತೆ ಎದುರು ಕೂತು ಹೇಳಿದ ಮಾತು ಇದು...
"ಅಪರೂಪದ್ದು ಆಡಿ, ಬೇಡ ಹೇಳುದಿಲ್ಲ. ಆದ್ರೆ ಎದುರಿನವ ಸರಿಯಾದ ಉತ್ತರವೇ ಕೊಟ್ಟ ಅಂತ ಇಟ್ಕೊಳ್ಳಿ. ಆಮೇಲೂ ನಿಮಗೆ ಕೂತು ಆಡ್ಲಿಕ್ಕೆ ಮನಸ್ಸು ಉಂಟಾ? ಉಂಟಾದ್ರೆ ಅದು ಒಳ್ಳೆ ಓಪನಿಂಗ್."

ಬಿ3 ಅಂಥದ್ದು. ಎದುರಿನವನು ಎಷ್ಟೇ ಚೆನ್ನಾಗಿ ಆಡಿದರೂ ನಮಗೇನೂ ಕೆಡುವುದಿಲ್ಲ.
ಆದರೆ ಅವನು ಓದಿಕೊಂಡು ಬಂದದ್ದು ಮಾತ್ರ ಅಲ್ಲಿ ನಡೆಯುವುದಿಲ್ಲ. ಇಬ್ಬರೂ ಸ್ವಂತ ತಲೆಯಿಂದ ಆಡಬೇಕು.

ದಿನೇಶಣ್ಣ...
ನೀವೇ ಮಾಡಿದ ರೂಲ್ ನೆನಪುಂಟಲ್ಲ?
ಆಟ ಮುಗಿದ ಮೇಲೆ ಸೋತವರೇ ಮೊದಲು ಮಾತನಾಡಬೇಕು. ಎಲ್ಲಿ ತಪ್ಪಿತು ಎಂದು ಅವರೇ ಹೇಳಬೇಕು. ಅಲ್ಲಿಯವರೆಗೆ ಗೆದ್ದವರು ಬಾಯಿ ಬಿಡುವ ಹಾಗಿಲ್ಲ.
ಉಡುಪಿಯ ಆ ಕೋಚ್ ನಿಮ್ಮನ್ನು ಸೋಲಿಸಿದ ದಿನ ಅವರಿಗೆ ಈ ರೂಲ್ ಗೊತ್ತಿರಲಿಲ್ಲ.
"ಇಂಥ ಅಜ್ಜಿ ಆಟ ಆಡಿದ್ರೆ ಇನ್ನೇನಾಗ್ತದೆ" ಎಂದು ನಕ್ಕರು.
ನೀವು ಕಾಯಿಗಳನ್ನು ಒಂದೊಂದಾಗಿ ಹಿಂದಕ್ಕೆ ಇಟ್ಟಿರಿ.
"ಇಲ್ಲಿ ನಾನು ರೂಕ್ ತಪ್ಪಿಟ್ಟೆ ಸರ್. ಇಲ್ಲಿವರೆಗೆ ಸಮ ಉಂಟು. ಸೋತದ್ದು ನಾನು, ಓಪನಿಂಗ್ ಅಲ್ಲ."
ಕೋಚ್ ಆ ರೂಕನ್ನು ತಾವೇ ಬೇರೆ ಮನೆಯಲ್ಲಿಟ್ಟು ನೋಡಿದರು. ಮತ್ತೆ ನಗಲಿಲ್ಲ.

ಇವತ್ತು ಸೋತದ್ದು ನಾವು ದಿನೇಶಣ್ಣ...
ಅದಕ್ಕೇ ನಾನು ಮೊದಲು ಮಾತನಾಡುತ್ತಿದ್ದೇನೆ.

ಗ್ರೂಪಿನಲ್ಲಿ ಕೇಳುತ್ತಿದ್ದಾರೆ, ಭಾನುವಾರದ ಮ್ಯಾಚ್ ಕ್ಯಾನ್ಸಲ್ ಮಾಡೋಣವೇ ಎಂದು.
ಒಬ್ಬರು ಬರೆದಿದ್ದಾರೆ, ದಿನೇಶ್ ಇಲ್ಲದ ಮೇಲೆ ಕ್ಲಬ್ ಇನ್ನು ಎಷ್ಟು ದಿನ...

ಇಲ್ಲ. ಕ್ಯಾನ್ಸಲ್ ಇಲ್ಲ.

ಅಂಗಡಿಯ ಬೀಗದ ಕೈ ದಿನೇಶಣ್ಣನ ಹೆಂಡತಿ ಶಾರದಕ್ಕನ ಹತ್ತಿರ ಉಂಟು.
ಮಧ್ಯಾಹ್ನ ಮನೆಗೆ ಹೋಗಿದ್ದೆ. ಅವರ ಕೈ ಹಿಡಿದು ಕೂತಿದ್ದೆ.
ಅವರೇ ಕೇಳಿದರು...
"ಭಾನುವಾರ ಉಡುಪಿಯವರು ಬರ್ತಾರಂತಲ್ಲ? ಇವರು ಗೋಳಿಬಜೆಗೆ ಹೇಳಿ ಆಗಿದೆ. ಬರ್ಲಿಕ್ಕೆ ಹೇಳಿ."
ಆಗ ಅತ್ತೆ. ಮನಸ್ಸು ಬಿಚ್ಚಿ ಅತ್ತೆ.

ಆದ್ದರಿಂದ ಕ್ಲಬ್ಬಿನ ಎಲ್ಲರಿಗೂ...
ಭಾನುವಾರ ಮಾಳಿಗೆ ತೆರೆದಿರುತ್ತದೆ. ಮೊದಲ ಬೋರ್ಡಿನಲ್ಲಿ ಅವರ ಜಾಗದಲ್ಲಿ ನಾನು ಕೂರುತ್ತೇನೆ. ಯಾರಿಗಾದರೂ ತಕರಾರು ಇದ್ದರೆ ಅಲ್ಲಿಗೇ ಬಂದು ಹೇಳಿ.
ಟಾಸ್‌ನಲ್ಲಿ ಬಿಳಿ ಬಂದರೆ ಬಿ3. ಕಪ್ಪು ಬಂದರೆ ಬಿ6. ಆಚೆ ಕಡೆಯಿಂದ ಅದೇ ಬಿಷಪ್, ಅದೇ ನೋಟ.
ಉಡುಪಿಯವರೂ ಇದನ್ನು ಓದುತ್ತಿದ್ದೀರಿ ಎಂದು ಗೊತ್ತು. ಓದಿ. ಇನ್ನೂ ಸಮಯವಿದೆ, ತಯಾರಿ ಮಾಡಿಕೊಂಡೇ ಬನ್ನಿ.
ಸೋತರೆ ಮೊದಲು ನಾನೇ ಮಾತನಾಡುತ್ತೇನೆ. ಆದರೆ ಬಿ3 ತಪ್ಪು ಎಂದು ಮಾತ್ರ ನನ್ನ ಬಾಯಿಂದ ಬರುವುದಿಲ್ಲ.

ಎದುರಿನವನು, ಆ ಯಮ, ತನ್ನ ಉತ್ತರ ಕೊಟ್ಟಾಯಿತು ದಿನೇಶಣ್ಣ...
ಇದಕ್ಕಿಂತ ಗಟ್ಟಿ ಉತ್ತರ ಅವನ ಬಳಿಯೂ ಇಲ್ಲ.
ಆಮೇಲೂ ನಮಗೆ ಕೂತು ಆಡ್ಲಿಕ್ಕೆ ಮನಸ್ಸು ಉಂಟು.

ನೀವು ನೆಮ್ಮದಿಯಿಂದ ಹೋಗಿ. ಆತ್ಮಕ್ಕೆ ಶಾಂತಿ ಸಿಗಲಿ.
ಶಟರ್ ನಾವು ಎತ್ತುತ್ತೇವೆ.