ಲಗ್ನದ ಕಾಗದದ ಕಪ್ಪು ಗೆರೆ

ಆಳಂದದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ, ಕಿರಾಣಿ ಅಂಗಡಿಯ ಮಾಳಿಗೆ. ಅಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ತೊಂಬತ್ತರ ದಶಕ ಮುಗಿಯಲು ಬಂದಿತ್ತು. ಟೈಪ್‌ರೈಟರುಗಳ ಸಾಲಿನ ಕೊನೆಗೆ ಮಾಲೀಕರು ಒಂದು ಕಂಪ್ಯೂಟರ್ ತಂದು ಕೂರಿಸಿದ್ದರು. ಅದಕ್ಕೆ ಹೊದಿಸುತ್ತಿದ್ದ ಬಟ್ಟೆ ನಮ್ಮ ಮನೆಯ ಹಾಸಿಗೆ ಹೊದಿಕೆಗಿಂತ ಬೆಳ್ಳಗಿತ್ತು. ಗುಲ್ಬರ್ಗಾಕ್ಕೆ ಫೋನ್ ಹಚ್ಚಿ, ಲೈನು ಸಿಕ್ಕರೆ ಇಂಟರ್‌ನೆಟ್ಟು, ಇಲ್ಲದಿದ್ದರೆ ಕಿರ್‌ಕಿರ್ ಸದ್ದು. ಆದರೂ ಊರಿನಲ್ಲಿ ಈಮೇಲ್ ಬಲ್ಲವಳು ನಾನೇ ಎಂಬ ಧಿಮಾಕು ನನಗೆ ಸಾಕಷ್ಟಿತ್ತು. ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ಆ ವರ್ಷ ನಮ್ಮಕ್ಕನ ಲಗ್ನ ಗೊತ್ತಾಯಿತು. ಗಂಡಿನವರು ಜೇವರ್ಗಿ ಕಡೆಯ ಕೊಳಕೂರಿನವರು, ಹೊಲಮನೆ ಉಳ್ಳವರು. ಗಂಡಿನ ಅಣ್ಣ ಮಾತ್ರ ಪುಣೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದ. ಲಗ್ನಪತ್ರಿಕೆಯಲ್ಲಿ ತಮ್ಮ ಕಡೆಯ ಹಿರಿಯರ ಹೆಸರು ಹಿಂದೆಮುಂದೆ ಆಗಬಾರದೆಂದು ಅವನು ಅಚ್ಚಾಗಬೇಕಾದ ಮಜಕೂರನ್ನೆಲ್ಲ ಈಮೇಲಿನಲ್ಲೇ ಕಳಿಸಿದ. ಕನ್ನಡ ಅಕ್ಷರ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಚಿಂದಿಯಾಗುತ್ತಿದ್ದ ಕಾಲ, ಹಾಗಾಗಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ. ನಾನು ಅದಕ್ಕೆ ಉತ್ತರ ಬರೆಯುವ ಗುಂಡಿ ಒತ್ತಿ, ಅವನ ಮಜಕೂರಿನ ನಡುವೆಯೇ ನಮ್ಮ ಕಡೆಯ ಹೆಸರುಗಳನ್ನು ಸೇರಿಸುತ್ತ ಹೋದೆ.

ಆಗಲೇ ಆ ಗೆರೆ ಕಂಡದ್ದು. ಬರಹದ ಎಡಗಡೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ನೆಟ್ಟಗೆ ಒಂದು ಕಪ್ಪು ಗೆರೆ. ನಾನು ಎಳೆದದ್ದಲ್ಲ. ಕೆಳಗೆ ಹೊಸದಾಗಿ ಒಂದು ಸಾಲು ಬರೆದರೆ ಅದರ ಪಕ್ಕಕ್ಕೂ ಇಳಿದು ಬಂತು. ಅಳಿಸುವ ಗುಂಡಿ ಒತ್ತಿದೆ, ಅಕ್ಷರ ಅಳಿಯಿತು, ಗೆರೆ ಅಳಿಯಲಿಲ್ಲ. ಕಂಪ್ಯೂಟರಿಗೆ ಏನೇನೋ ಚಾಳಿ ಇರುತ್ತವೆ, ಪ್ರಿಂಟಿನಲ್ಲಿ ಬರಲಿಕ್ಕಿಲ್ಲ ಎಂದುಕೊಂಡು ಕಾಗದ ತೆಗೆದೆ. ಬಂತು. ಪರದೆಯ ಮೇಲೆ ಕಂಡದ್ದಕ್ಕಿಂತ ದಪ್ಪಗೆ ಬಂತು. ಊಟದ ಹೊತ್ತಾಗಿತ್ತು, ಮನೆಯಲ್ಲಿ ಬೀಗರು ಕಾಯುತ್ತಿದ್ದರು, ಹಾಗೇ ಮಡಚಿಕೊಂಡು ಹೋದೆ.

ನಮ್ಮಪ್ಪ ಹಳ್ಳಿ ಶಾಲೆಯ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಬಸವ ಜಯಂತಿ ಬಂದರೆ ಸುತ್ತಲಿನ ಹಳ್ಳಿಗಳಲ್ಲಿ ಅವರದೇ ಭಾಷಣ. ಲಿಂಗ ಕಟ್ಟಿಕೊಂಡವರಿಗೆ ಶಕುನವಿಲ್ಲ, ಅಪಶಕುನವಿಲ್ಲ, ಗಂಡ ಸತ್ತವಳು ಕೆಟ್ಟವಳಲ್ಲ ಎಂದು ಮೈಕು ಹಿಡಿದು ಗುಡುಗುತ್ತಿದ್ದರು. ಭಾಷಣದಲ್ಲಿ ಒಂದು ಉದಾಹರಣೆ ತಪ್ಪದೆ ಬರುತ್ತಿತ್ತು. ಅದು ಅವರ ತಂಗಿ, ನನ್ನ ಸೋದರತ್ತೆ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಫಜಲಪುರದಲ್ಲಿದ್ದಳು. ಅವ್ವ ಕಾಯಿಲೆ ಬಿದ್ದ ದಿನಗಳಲ್ಲಿ ನಮ್ಮನ್ನು ಎತ್ತಿ ಆಡಿಸಿದವಳು, ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ನಮ್ಮಣ್ಣನ ಲಗ್ನದಲ್ಲಿ ಅಪ್ಪ ಮೊದಲ ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚುವ ಕೆಲಸವನ್ನು ಹಟ ಹಿಡಿದು ಅವಳ ಕೈಯಿಂದಲೇ ಮಾಡಿಸಿದ್ದರು. ಚಪ್ಪಾಳೆ ಬೀಳುತ್ತಿದ್ದದ್ದು ಆ ಮಾತಿಗೇ.

ಅಕ್ಕನ ಲಗ್ನಕ್ಕೂ ಹಾಗೇ ಆಗಬೇಕೆಂದು ಅತ್ತೆಯನ್ನು ಕರೆಸಿದ್ದರು. ಮಜಕೂರಿನ ಕಾಗದವನ್ನು ದೇವರ ಜಗಲಿಯ ಮೇಲೆ ಇಟ್ಟು, ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಪ್ರೆಸ್ಸಿಗೆ ಕೊಡುವುದು ನಮ್ಮ ಮನೆಯ ರೂಢಿ. ನಾನು ಮಡಚಿದ ಕಾಗದ ಕೊಟ್ಟೆ. ಅತ್ತೆ ಕೈ ತೊಳೆದು ಬಂದು, ಬಿಡಿಸಿ, ಮೂಲೆ ಮೂಲೆಗೆ ಬೆರಳು ಒತ್ತಿದಳು. ಅವಳಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ, ಕಾಗದ ಎಂದರೆ ಹೀಗೇ ಇರುತ್ತದೆ ಎಂದುಕೊಂಡಿರಬೇಕು.

ಬೀಗರ ಕಡೆಯಿಂದ ಬಂದಿದ್ದ ಗಂಡಿನ ದೊಡ್ಡಪ್ಪ ಕಾಗದ ಕೈಗೆ ತೆಗೆದುಕೊಂಡರು. ಕನ್ನಡಕ ಏರಿಸಿದರು. ನಮ್ಮ ಕಡೆ ಸತ್ತ ಸುದ್ದಿಯ ಕಾರ್ಡಿಗೆ ಕಪ್ಪು ಗೆರೆ ಹೊಡೆಸುತ್ತಾರೆ. ಅದು ನನಗೆ ನೆನಪಾದದ್ದು ಅವರ ಮುಖ ನೋಡಿದ ಮೇಲೆ.

"ಮಾಸ್ತರ, ಇದೇನ್ರಿ? ಲಗ್ನದ ಕಾಗದಕ್ಕ ಕರಿ ಗೆರಿ?"

ಅಪ್ಪ ಕಾಗದ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕುಂಕುಮ ಯಾರು ಹಚ್ಚ್ಯಾರ್ರಿ?"

"ನಾನೇ ಹಚ್ಚೀನ್ರಿ," ಎಂದಳು ಅತ್ತೆ.

ದೊಡ್ಡಪ್ಪನವರು ಕೆಟ್ಟವರಲ್ಲ, ಒರಟರೂ ಅಲ್ಲ. ಅವಳ ಬರಿದಾದ ಹಣೆ ನೋಡಿ ತಲೆ ತಗ್ಗಿಸಿದರು. "ನಾ ಇಂಥಾದ್ದೆಲ್ಲ ನಂಬಂಗಿಲ್ರಿ ಮಾಸ್ತರ. ಆದ್ರ ಮನ್ಯಾಗ ಹೆಣ್ಮಕ್ಕಳು ಕೇಳ್ತಾರ. ನಾ ಏನ್ ಹೇಳ್ಲಿ?"

ಈಗ ಅಪ್ಪ ಭಾಷಣ ಶುರು ಮಾಡುತ್ತಾರೆಂದು ನಾನು ಕಾದೆ. ಅಪ್ಪ ಗಂಟಲು ಸರಿಮಾಡಿಕೊಂಡರು. "ತಂಗಿ, ನೀ ಜರಾ ಒಳಗ ಹೋಗು," ಎಂದರು.

ಅತ್ತೆ ಹೋದಳು. ಅಡುಗೆಮನೆಯ ಬಾಗಿಲು ದಾಟುವಾಗ ಕುಂಕುಮ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಅದನ್ನು ನೋಡಿ ನನ್ನ ಮೈ ಉರಿಯಿತು. ಅದು ಕಂಪ್ಯೂಟರಿನ ಗೆರೆ, ಅತ್ತೆ ಮುಟ್ಟುವ ಮೊದಲೇ ಇತ್ತು ಎಂದು ನಾನು ದನಿ ಏರಿಸಿ ಹೇಳಿದೆ. ಕೈಯಿಂದಲೇ ಬೇರೆ ಬರೆದುಕೊಟ್ಟರೆ ಮುಗಿಯಿತಲ್ಲ ಎಂದಳು ಅವ್ವ.

"ಬರೀಲಾಕ ಬರ್ತದ ಅಕ್ಕೋರ. ಆದ್ರ ಗೆರಿ ಹ್ಯಾಂಗ ಬಂತು ಅಂಬೋದು ಗೊತ್ತಾಗ್ಬೇಕಲ್ಲ?" ದೊಡ್ಡಪ್ಪನವರು ನನ್ನತ್ತ ತಿರುಗಿದರು. "ಮಿಷಿನ್ನಿಂದು ಅಂತಿ. ಹಂಗಾದ್ರ ನನ್ನ ಮುಂದ ತಗದು ತೋರ್ಸವ್ವ. ನಾ ಊರಿಗಿ ಹೋಗಿ ಕಣ್ಣಾರೆ ಕಂಡೀನಿ ಅಂತ ಹೇಳ್ತೇನಿ."

ಸರಿ ಎಂದೆ. ಗೆರೆ ಹೋದರೆ ಅತ್ತೆ ಲಗ್ನದಲ್ಲಿ ತಲೆ ಎತ್ತಿ ಓಡಾಡುತ್ತಾಳೆ, ಹೋಗದಿದ್ದರೆ ಅಡುಗೆಮನೆಯೇ ಗತಿ. ವಿಷಯ ಇಷ್ಟು ಸರಳವಾಗಿ, ಇಷ್ಟು ಹೇಸಿಗೆಯಾಗಿ ನನ್ನ ಕೈಗೆ ಬಂದಿತ್ತು.

ಮಾಳಿಗೆಯ ಮೇಲೆ ಹುಡುಗಿಯರು ಟೈಪಿಂಗ್ ನಿಲ್ಲಿಸಿ ನೋಡುತ್ತಿದ್ದರು. ಅಪ್ಪ ಬಾಗಿಲ ಬಳಿ ನಿಂತರು, ದೊಡ್ಡಪ್ಪನವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಕುಳಿತರು. ಬರಹ ಪೂರ್ತಿ ಹಿಡಿದು ಬಣ್ಣ ಬದಲಿಸಿದೆ. ಅಕ್ಷರ ನೀಲಿಯಾಯಿತು, ಗೆರೆ ಕಪ್ಪಾಗಿಯೇ ಉಳಿಯಿತು. ಅಕ್ಷರದ ಗಾತ್ರ ಸಣ್ಣದು ಮಾಡಿದೆ. ಗೆರೆ ಗಿಡ್ಡಗಾಯಿತೇ ಹೊರತು ಹೋಗಲಿಲ್ಲ. ಬರಹವನ್ನು ಕತ್ತರಿಸಿ ಹೊಸ ಈಮೇಲಿನಲ್ಲಿ ಅಂಟಿಸಿದೆ. ಗೆರೆಯೂ ಜೊತೆಗೇ ಬಂತು. ಗಾಜಿನ ಮೇಲೇ ಏನಾದರೂ ಹತ್ತಿರಬಹುದೆಂದು ದೊಡ್ಡಪ್ಪನವರು ಹೆಗಲ ಮೇಲಿನ ಟವೆಲಿನಿಂದ ಪರದೆ ಒರೆಸಿದರು. ಹುಡುಗಿಯರು ಕಿಸಕ್ಕನೆ ನಕ್ಕರು.

"ಮಿಷಿನ್ನಾಗ ಸುದ್ದಾ ಹೋಗವಲ್ದು," ಎಂದರು ಅವರು ಮೆಲ್ಲಗೆ. ಆ ಮಾತಿನಲ್ಲಿ ಕೊಂಕಿರಲಿಲ್ಲ, ಭಯವಿತ್ತು. ಆ ಭಯ ಒಂದು ಗಳಿಗೆ ನನಗೂ ಹತ್ತಿತು. ಕುಂಕುಮ ಒತ್ತಿದ ಅತ್ತೆಯ ಬೆರಳು ಕಣ್ಣ ಮುಂದೆ ಬಂತು. ಗೆರೆ ಮೊದಲೇ ಇತ್ತೆಂದು ನನ್ನ ಕಣ್ಣಿನಿಂದಲೇ ಕಂಡವಳು ನಾನು, ಆದರೂ ಬಂತು. ಅಷ್ಟರಲ್ಲಿ ಕರೆಂಟು ಹೋಯಿತು. ನನಗೆ ಜೀವ ಬಂದಂತಾಯಿತು.

ದೊಡ್ಡಪ್ಪನವರು ಜಿಡಗಾದ ಮಠಕ್ಕೆ ಹೋಗಿ ಅಲ್ಲೇ ತಂಗಿದ್ದು ಮರುದಿನ ಬರುವುದಾಗಿ ಹೇಳಿ ಹೊರಟರು. ಮನೆಯಲ್ಲಿ ಅತ್ತೆ ಎಲ್ಲರಿಗೂ ರೊಟ್ಟಿ ಬಡಿದು ಹಾಕಿದಳು, ತಾನು ಆಮೇಲೆ ಉಣ್ಣುತ್ತೇನೆಂದಳು. ಅಪ್ಪ ಅವಳ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬೀಗ ತೆಗೆದವಳೇ ಕಂಪ್ಯೂಟರಿನ ಮುಂದೆ ಕುಳಿತೆ. ಕೋಪಕ್ಕೆ ಒಂದು ಒಳ್ಳೆಯ ಬುದ್ಧಿ ಹೊಳೆಯಿತು. ಲಗ್ನದ ಮಾತೇ ಇಲ್ಲದ, ಯಾರೂ ಮುಟ್ಟದ ಒಂದು ಈಮೇಲು ಬೇಕು. ನನ್ನ ವಿಳಾಸದಿಂದ ನನ್ನದೇ ವಿಳಾಸಕ್ಕೆ "ನಮಸ್ಕಾರ, ಆರಾಮ ಇದ್ದೀರಿ?" ಎಂದು ಬರೆದು ಕಳಿಸಿದೆ. ಲೈನು ಸಿಕ್ಕಿ, ತಪ್ಪಿ, ಮತ್ತೆ ಸಿಕ್ಕಿ, ಕೊನೆಗೆ ಅದು ಬಂತು. ಉತ್ತರ ಬರೆಯುವ ಗುಂಡಿ ಒತ್ತಿದೆ. ನನ್ನ ನಮಸ್ಕಾರದ ಎಡಗಡೆ ಅದೇ ಕಪ್ಪು ಗೆರೆ ನಿಂತಿತ್ತು. ಕುಣಿಯಬೇಕೆನಿಸಿತು.

ಆಮೇಲೆ ಉಳಿದದ್ದು ತಿಳಿಯಿತು. ಉತ್ತರ ಬರೆಯುವಾಗ ಮೊದಲು ಬಂದ ಮಾತು ಬೇರೆಯವರದು ಎಂದು ತೋರಿಸಲು ಆ ತಂತ್ರಾಂಶವೇ ಪಕ್ಕದಲ್ಲಿ ಗೆರೆ ಎಳೆಯುತ್ತಿತ್ತು. ನಾನು ಪುಣೆಯವನ ಮಾತಿನ ಒಳಗೇ ನಮ್ಮ ಮಾತು ಸೇರಿಸಿದ್ದರಿಂದ ಎಲ್ಲವೂ ಗೆರೆಯ ಪಾಲಾಗಿತ್ತು. ನಮ್ಮಪ್ಪನ ಭಾಷಣಗಳ ಪಕ್ಕಕ್ಕೂ ಅಂಥದೊಂದು ಗೆರೆ ಇದ್ದಿದ್ದರೆ ಕೇಳುವವರಿಗೆ ಅನುಕೂಲವಾಗುತ್ತಿತ್ತು. ಫಾರ್ಮ್ಯಾಟ್ ಎಂಬ ಕಡೆ ಹೋಗಿ, ಪ್ಲೇನ್ ಟೆಕ್ಸ್ಟ್ ಎಂಬುದನ್ನು ಆರಿಸಿದೆ. ಬಣ್ಣ ಗಿಣ್ಣ ಎಲ್ಲ ಹೋಗುತ್ತದೆ, ನಡೆಯುತ್ತದೆಯೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ಗೆರೆ ಹೋಯಿತು. ಇಷ್ಟೇ ಕೆಲಸ.

ಎರಡು ಕಾಗದ ಪ್ರಿಂಟು ತೆಗೆದೆ. ಒಂದು ಗೆರೆಯಿಲ್ಲದ ಲಗ್ನದ ಮಜಕೂರು. ಇನ್ನೊಂದು ಗೆರೆಯಿರುವ ನನ್ನ ನಮಸ್ಕಾರ, ಸಾಕ್ಷಿಗೆ. ಮನೆಗೆ ಓಡುತ್ತಲೇ ಹೋದೆ. ದೊಡ್ಡಪ್ಪನವರು ಬಂದು ಕುಳಿತಿದ್ದರು. ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಎರಡೂ ಕಾಗದ ಹಿಂದೆಮುಂದೆ ತಿರುಗಿಸಿ ನೋಡಿದರು. ಅವರ ಮುಖ ಅರಳಿತು.

"ಅಯ್ಯ, ಮಿಷಿನ್ನಿಂದೇ ಖರೇ! ನಿಮ್ಮ ತಂಗಿಯವರ ಮ್ಯಾಲ ಸುಮ್ನ ತಪ್ಪ ಹೊರಿಸಿದ್ವಿ. ಕರೀರಿ ಅವರನ್ನ, ಅವರ ಕೈಲಿಂದೇ ಕುಂಕುಮ ಹಚ್ಚಸ್ರಿ."

ಅಪ್ಪನೂ ಚೇತರಿಸಿಕೊಂಡರು. "ನಾ ನಿನ್ನೇನೇ ಅಂದಿದ್ದಿಲ್ಲೇನು, ಇವೆಲ್ಲ ಸುಳ್ಳ ನಂಬಿಕಿ ಅಂತ," ಎಂದರು. ಅವರು ಅಂದಿರಲಿಲ್ಲ.

ಗೆದ್ದವಳಂತೆ ನಾನು ಅಡುಗೆಮನೆಗೆ ಹೋದೆ. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅತ್ತೀ, ಗೆರಿ ಹೋಯ್ತು. ಅದು ಕಂಪ್ಯೂಟರಿಂದು ಅಂತ ತೋರ್ಸಿಬಿಟ್ಟೆ. ನಿಂದೇನೂ ತಪ್ಪಿಲ್ಲಂತ. ಹೊರಗ ಬಾ, ಕರ್ಯಾಕತ್ತಾರ."

ಅವಳು ಜೋಳದಲ್ಲಿನ ಕಲ್ಲೊಂದನ್ನು ಆರಿಸಿ ಪಕ್ಕಕ್ಕೆ ಹಾಕಿದಳು. "ಛಲೋ ಆಯ್ತು ಬೇ. ಅದು ಕಂಪ್ಯೂಟರಿಂದು ಅಂತ ಗೊತ್ತಾಗದೇ ಇದ್ದಿದ್ರ?"

ತಪ್ಪಿಲ್ಲವೆಂದು ಸಾಬೀತು ಮಾಡಲು ಹಿಂದಿನ ದಿನದಿಂದ ಗುದ್ದಾಡಿದ್ದೆ. ತಪ್ಪಿನ ಮಾತೇ ಇಲ್ಲಿ ಬರಬಾರದು ಎಂದು ಒಂದು ಸಲವೂ ಹೇಳಿರಲಿಲ್ಲ. ನಿಂತ ನೆಲ ಬಿರಿಯಬಾರದೇ ಎನಿಸುವಷ್ಟು ನಾಚಿಕೆಯಾಯಿತು.

ಅವಳು ಎದ್ದು ಕೈ ತೊಳೆದು ಪಡಸಾಲೆಗೆ ಬಂದಳು. ಅವ್ವ ಕುಂಕುಮದ ಬಟ್ಟಲು ಮುಂದಿಟ್ಟಳು. ಅತ್ತೆ ಹೊಸ ಕಾಗದವನ್ನು ಮುಟ್ಟಲಿಲ್ಲ.

"ಅಣ್ಣಾ, ನಿನ್ನಿ ನಾ ಹಚ್ಚಿದ್ ಕಾಗದ ಎಲ್ಲ್ಯದ? ನಾ ಹಚ್ಚೋದು ಮುಗದದ. ಅದನ್ನೇ ಕೊಡ್ರಿ ಪ್ರೆಸ್ಸಿಗಿ. ಅಕ್ಷರ ಅವೇ ಅವಲ್ಲ?"

ನಾವೆಲ್ಲ ಅಪ್ಪನತ್ತ ನೋಡಿದೆವು. ಅಪ್ಪ ಧೋತ್ರದ ಅಂಚು ಹಿಡಿದುಕೊಂಡು ಕುಳಿತಿದ್ದರು. ನೆಲ ನೋಡುತ್ತ, "ಅದನ್ನ... ಮುಂಜಾನಿ ನೀರಿನ ಒಲಿಗಿ ಹಾಕ್ದೆ ತಂಗಿ," ಎಂದರು.

ದೊಡ್ಡಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ಬೆಳಿಗ್ಗೆ ಆ ಒಲೆಯ ನೀರಿನಲ್ಲಿ ಮೊದಲು ಸ್ನಾನ ಮಾಡಿ ಹೋದವಳು ನಾನೇ.

ಅತ್ತೆ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ನನ್ನ ಕೈಯಲ್ಲಿದ್ದ ಸಾಕ್ಷಿಯ ಕಾಗದದತ್ತ ಕೈ ಚಾಚಿದಳು. "ಇದ್ರಾಗ ಏನ್ ಬರ್ದದ?"

"ಏನಿಲ್ಲ ಅತ್ತೀ. ನನಗ ನಾನೇ ನಮಸ್ಕಾರ ಅಂತ ಬರಕೊಂಡೀನಿ."

"ಗೆರಿ ಅದ ಇದಕ್ಕ?"

"ಅದ."

ಅವಳು ಅದನ್ನು ನೆಲದ ಮೇಲೆ ಹಾಸಿ, ನಿಧಾನವಾಗಿ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದಳು, ಕುಂಕುಮ ಹಚ್ಚಿದಳು. ಜಗಲಿಯ ಮೇಲೆ ಇಟ್ಟು ಕೈ ಮುಗಿದಳು. ಆಮೇಲೆ ಬಟ್ಟಲನ್ನು ಅವ್ವನ ಕಡೆ ಸರಿಸಿದಳು.

"ನಿಮ್ದಕ್ಕ ನೀವು ಹಚ್ಚ್ರಿ ವೈನಿ," ಎಂದು ಹೇಳಿ ಜೋಳದ ಮೊರದ ಕಡೆ ಹೋದಳು. ಅಪ್ಪ ಅವಳು ಹೋದ ಬಾಗಿಲಿನ ಕಡೆ ನೋಡಲಿಲ್ಲ. ಅವ್ವ ಕುಂಕುಮಕ್ಕೆ ಬೆರಳು ಅದ್ದಿ, ಹೊಸ ಕಾಗದಕ್ಕೆ ಹಚ್ಚಲೋ ಬೇಡವೋ ಎಂದು ನಮ್ಮೆಲ್ಲರ ಮುಖ ನೋಡುತ್ತ ಕುಳಿತಳು.