ಬಾಯಿ ಹಿಂದಕ್ಕಿರುವ ಪೆಟ್ಟಿಗೆ

ಕುಶಾಲನಗರ ಇನ್ನೂ ಎದ್ದಿಲ್ಲ. ಕಾವೇರಿ ಕಡೆಯಿಂದ ಬಂದ ಮಂಜು ಸಂತೆ ಮಾಳದ ಮೇಲೆ ಕೂತಿದೆ. ಸೇತುವೆಗೆ ಹೋಗುವ ದಾರಿಯಲ್ಲಿ, ಹಳೇ ಗಾಡಿಚಕ್ರಗಳನ್ನು ಒರಗಿಸಿಟ್ಟ ತಗಡಿನ ಚಪ್ಪರದ ಕೆಳಗೆ ಒಬ್ಬ ಹೆಂಗಸು ಸೀಮೆಎಣ್ಣೆ ಬುಡ್ಡಿ ಹಿಡಿದು ಒಂದು ಮರದ ಪೆಟ್ಟಿಗೆಯ ಸುತ್ತ ನಿಧಾನವಾಗಿ ಸುತ್ತುತ್ತಿದ್ದಾರೆ. ಪೆಟ್ಟಿಗೆಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿವೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಇದೇನಪ್ಪಾ ಎಂದು ಕೆಮ್ಮಿದರೆ ಒಳಗಿಂದಲೇ ಮಾತು ಬರುತ್ತದೆ.

"ಬೆಳಕು ತೂರ್ತದಾ ಅಂತ ನೋಡ್ತಾ ಇವ್ನಿ. ಬೆಳಕು ಬಂದ ಕಡೆ ಮಳೆನೂ ಬತ್ತದೆ. ಹೊತ್ತು ಮೂಡಿದ ಮ್ಯಾಲೆ ಈ ಪರೀಕ್ಷೆ ಆಗಕ್ಕಿಲ್ಲ. ಕೂತ್ಕಳಿ, ಬಂದೆ."

ಕಾಲುಗಳು ಸಣ್ಣಸ್ವಾಮಿಯವರವು, ಬುಡ್ಡಿ ಹಿಡಿದವರು ಹೆಂಡತಿ ವನಜಮ್ಮ. ಪೆಟ್ಟಿಗೆ ಕಾರಿನ ತಲೆಯ ಮೇಲೆ ಕೂರುವಂಥದ್ದು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಯಿತಲ್ಲ, ಹೆಚ್ಚುಕಮ್ಮಿ ಅದೇ ಹೊತ್ತಿನಿಂದ ಕಾರಿರುವ ತೋಟದ ಮನೆಗಳಿಗೆ ಒಂದು ಹೊಸ ಹುಚ್ಚು ಹತ್ತಿದೆ. ಕಾಫಿ ಪಿಕ್ಕಿಂಗ್ ಮುಗಿದದ್ದೇ ತಡ, ಹೆಂಡತಿ, ಮಕ್ಕಳು, ಅತ್ತೆ, ಎಲ್ಲರನ್ನೂ ಕಾರಿಗೆ ತುರುಕಿಕೊಂಡು ಯಾವುದಾದರೂ ಹೊಳೆ ದಂಡೆಗೆ ಹೋಗಿ, ಗುಡಾರ ಹಾಕಿ, ನಾಲ್ಕು ದಿನ ಇದ್ದು ಬರುವುದು. ಕ್ಯಾಂಪು ಅನ್ನುತ್ತಾರೆ. ಹೆಂಚಿನ ಮನೆ ಬಿಟ್ಟು ಬಟ್ಟೆಯ ಕೆಳಗೆ ಮಲಗುವುದರಲ್ಲಿ ಏನು ಸುಖವೋ ನನಗಂತೂ ತಿಳಿಯದು, ಇರಲಿ. ಒಳಗೆಲ್ಲ ಜನ ತುಂಬಿದ ಮೇಲೆ ಗುಡಾರ, ಹಾಸಿಗೆ, ಪಾತ್ರೆ ಎಲ್ಲಿಡುವುದು? ಅದಕ್ಕೆ ಉತ್ತರ ಹುಡುಕುತ್ತಾ ತೋಟದವರು ಬಂದು ನಿಲ್ಲುವುದು ಈ ಚಪ್ಪರದ ಮುಂದೆ.

ಸಣ್ಣಸ್ವಾಮಿಯವರಿಗೆ ಐವತ್ತೆರಡು ವರ್ಷ. ಅವರ ಅಪ್ಪ ಪಿರಿಯಾಪಟ್ಟಣದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಎತ್ತಿನ ಗಾಡಿ ಮಾಡುವುದು ಮನೆಯ ಕಸುಬು. ವರ್ಷಕ್ಕೆ ಹದಿನೈದು ಗಾಡಿ ಕಟ್ಟಿದ ಕೈಗೆ ಹೋದ ವರ್ಷ ಸಿಕ್ಕಿದ್ದು ಮೂರು. ಭತ್ತವನ್ನೂ ಶುಂಠಿಯನ್ನೂ ಈಗ ಲಾರಿ ಹೊರುತ್ತದೆ. "ಲಾರಿ ಬಂತು ಅಂತ ಅಳ್ತಾ ಕೂರಕ್ಕಾಯ್ತದಾ? ಚಕ್ರ ಬ್ಯಾಡ ಅಂದ್ರು, ಸರಿ, ಪೆಟ್ಟಿಗೆ ಬೇಕು ಅಂದ್ರು. ಉಳಿ ಅದೇ, ಬಾಚಿ ಅದೇ, ಮಾಡ್ದೆ" ಎನ್ನುತ್ತಾರೆ. ಒಂದು ಪೆಟ್ಟಿಗೆಗೆ ಒಂಬತ್ತು ದಿನ ಹಿಡಿಯುತ್ತದೆ. ತೋಟದ ನೆರಳಿಗೆ ಹಾಕುವ ಸಿಲ್ವರ್ ಮರ ಹಗುರ, ಅದರ ತೆಳು ಹಲಗೆ. ಮೇಲೆ ಡಬ್ಬ ಬಿಡಿಸಿ ಬಡಿದ ತಗಡು. ಅದರ ಮೇಲೆ ಟಾರ್ಪಾಲಿನ ಹೊದಿಕೆ, ಹೊಲಿಗೆಗೆಲ್ಲ ಮೇಣ ಉಜ್ಜುವವರು ವನಜಮ್ಮ. ಇದುವರೆಗೆ ಆಗಿರುವುದು ಇಪ್ಪತ್ತೆರಡು.

ಆದರೆ ಈ ಊರಿನಲ್ಲಿ ಯಾರನ್ನಾದರೂ ಸಣ್ಣಸ್ವಾಮಿ ಮನೆ ಎಲ್ಲಿ ಎಂದು ಕೇಳಿ ನೋಡಿ. "ಯಾರು, ಹಾರೋ ಪೆಟ್ಟಿಗೆನಾ?" ಎಂದು ಕೇಳುತ್ತಾರೆ. ನಾನು ಮೂರು ಕಡೆ ವಿಚಾರಿಸಿದೆ, ಮೂರು ಕಡೆಯೂ ಇದೇ ಮಾತು, ಮೇಲೆ ಒಂದು ನಗು. ಇಪ್ಪತ್ತು ಪೆಟ್ಟಿಗೆ ನೆಟ್ಟಗಿದ್ದದ್ದು ಯಾರ ನೆನಪಿನಲ್ಲೂ ಇಲ್ಲ. ನನಗೆ ಸಿಟ್ಟೇ ಬರುತ್ತದೆ.

ಹಾರಿದ್ದು ಮೊದಲನೆಯದು. ಅದು ಹೇಗಾಯಿತೆಂದು ಅವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಎತ್ತಿನ ಗಾಡಿಯಲ್ಲಿ ಸಾಮಾನಿನ ಪೆಟ್ಟಿಗೆಯ ಬಾಯಿ ಯಾವಾಗಲೂ ಮುಂದಕ್ಕೆ ಇರುತ್ತದೆ. ಗಾಡಿ ಹೊಡೆಯುವವನು ಕೂತಲ್ಲಿಂದಲೇ ಹಿಂದಕ್ಕೆ ಕೈ ಹಾಕಿ ಬುತ್ತಿಯನ್ನೋ ಕಂಬಳಿಯನ್ನೋ ಎಳೆದುಕೊಳ್ಳಬೇಕಲ್ಲ. ಅಪ್ಪ ಹಾಗೆ ಮಾಡಿದರು, ಅಜ್ಜ ಹಾಗೆ ಮಾಡಿದರು. ಸಣ್ಣಸ್ವಾಮಿಯವರೂ ಕಾರಿನ ಪೆಟ್ಟಿಗೆಗೆ ಮುಂದಕ್ಕೇ ಬಾಯಿ ಇಟ್ಟರು. ಹುದಿಕೇರಿ ಕಡೆಯ ಕುಶಾಲಪ್ಪನವರು ಅದನ್ನು ತಮ್ಮ ಲ್ಯಾಂಡ್‌ಮಾಸ್ಟರ್ ಕಾರಿನ ಮೇಲೆ ಕಟ್ಟಿಕೊಂಡು ತಿತಿಮತಿಯ ನೇರ ದಾರಿಯಲ್ಲಿ ನಲವತ್ತು ಮೈಲಿ ವೇಗ ಹಿಡಿದರು. ಬಾಯಿಯೊಳಗೆ ಗಾಳಿ ನುಗ್ಗಿತು, ಮುಚ್ಚಳ ಕಿತ್ತಿತು, ಹಗ್ಗ ಹರಿಯಿತು. ಹಾಸಿಗೆ, ಗುಡಾರ, ಕಡುಬಿನ ಪಾತ್ರೆ ಎಲ್ಲ ಕಾಡಿನ ಪಾಲು. ಯಾರಿಗೂ ಪೆಟ್ಟಾಗಲಿಲ್ಲ ಅನ್ನುವುದೇ ಪುಣ್ಯ. ಅವತ್ತು ಅರ್ಧ ದಾರಿಯಿಂದ ಹಿಂದಿರುಗಿದ ಆ ಮನೆಯವರು ಎರಡು ವರ್ಷ ಕ್ಯಾಂಪಿನ ಹೆಸರೆತ್ತಲಿಲ್ಲ.

"ಎತ್ತು ಯಾವತ್ತಾದ್ರೂ ಗಾಳಿ ಎಬ್ಬಿಸ್ತದಾ ಹೇಳಿ? ನಮಗೇನ್ ಗೊತ್ತಿತ್ತು? ಆದ್ರೂ ತಪ್ಪು ನಂದೇ. ಕಾರಿಗೆ ಮಾಡೋನು ಕಾರಲ್ಲಿ ಕೂತು ನೋಡ್ಬೇಕಿತ್ತು" ಎನ್ನುತ್ತಾರೆ ಸಣ್ಣಸ್ವಾಮಿ. ಅಲ್ಲಿಂದೀಚೆಗೆ ಅವರ ಪೆಟ್ಟಿಗೆಗಳ ಬಾಯಿ ಹಿಂದಕ್ಕೆ. ಪೆಟ್ಟಿಗೆ ಮೊದಲ ಸಲ ಹೊರಡುವಾಗ ಅದರ ಜೊತೆ ತಾವೂ ಹೋಗಿ, ತಿತಿಮತಿಯ ಅದೇ ನೇರ ದಾರಿ ದಾಟಿಸಿ, ಬಸ್ಸಿನಲ್ಲಿ ವಾಪಸು ಬರುತ್ತಾರೆ.

ಇವತ್ತು ಇಪ್ಪತ್ತೆರಡನೆಯದು ಹೊರಡಬೇಕು. ಕೊಳ್ಳುವವರು ಅದೇ ಕುಶಾಲಪ್ಪನವರ ಮನೆಯವರು. ಬೆವರೊರೆಸಿಕೊಳ್ಳುತ್ತಾ ಸಣ್ಣಸ್ವಾಮಿ ನನಗೆ ಹೇಳುವುದಿಷ್ಟು: "ಬ್ಯಾರೆಯೋರ ಮನೆದು ಇಪ್ಪತ್ತು ನಿಂತವೆ, ಅದು ಲೆಕ್ಕಕ್ಕಿಲ್ಲ. ಈ ಮನೆದು ನಿಂತ್ರೆ ನಾನು ಕಸುಬುದಾರ. ನಿಲ್ಲದೆ ಹೋದ್ರೆ ಉಳಿ ಬಾಚಿ ಕಟ್ಟಿಟ್ಟು ನಾಳೆಯಿಂದ್ಲೇ ಸಾಮಿಲ್ಲಲ್ಲಿ ದಿಮ್ಮಿ ಹೊರ್ತೀನಿ. ಇವ್ಳಿಗೂ ಹೇಳಿವ್ನಿ."

ವನಜಮ್ಮ ಬುಡ್ಡಿ ಆರಿಸುತ್ತಾ, "ಹೇಳವ್ರೆ, ಹತ್ತು ಸಲ ಹೇಳವ್ರೆ. ನಾನು ಮಾತ್ರ ಮೇಣ ಇನ್ನೊಂದು ಕೈ ಉಜ್ಜಿವ್ನಿ" ಎನ್ನುತ್ತಾರೆ.

ಎಂಟು ಗಂಟೆಗೆ ಕಾರು ಬರುತ್ತದೆ. ಕುಶಾಲಪ್ಪನವರು, ಹೆಂಡತಿ ಯಮುನ, ತಾಯಿ ಹೊನ್ನಮ್ಮ, ಇಬ್ಬರು ಹೆಣ್ಣುಮಕ್ಕಳು. ಚಪ್ಪರದಲ್ಲಿ ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರು ಅಳತೆಯ ಮಾದರಿ ಪೆಟ್ಟಿಗೆಗಳಿವೆ. ಇವರಿಗೆಂದು ಮಾಡಿದ ಇಪ್ಪತ್ತೆರಡನೆಯದು ನಡುವಿನ ಅಳತೆಯದು. ಕುಶಾಲಪ್ಪನವರ ಕಣ್ಣು ನೇರ ದೊಡ್ಡದರ ಮೇಲೆ ಬೀಳುತ್ತದೆ.

"ಇದೇ ಇರ್ಲಿ ಸಣ್ಣಸ್ವಾಮಿ. ಹ್ಯಾಗೂ ತಗೊಳ್ಳೋದು, ದೊಡ್ಡದೇ ತಗೊಳ್ಳುವ."

"ಎತ್ತಿ ನೋಡಿ ಸಾವ್ಕಾರ್ರೆ, ಆಮೇಲೆ ಮಾತು."

ಪೆಟ್ಟಿಗೆ ಆರಿಸುವುದಕ್ಕೆ ಈ ಚಪ್ಪರದಲ್ಲಿ ಒಂದೇ ಕಟ್ಟಳೆ. ಸಾಮಾನು ತುಂಬಿದ ಪೆಟ್ಟಿಗೆಯನ್ನು ಗಂಡ ಹೆಂಡತಿ ಇಬ್ಬರೇ ಎತ್ತಿ ಕಾರಿನ ಮೇಲಿಡಬೇಕು, ಇಬ್ಬರೇ ಇಳಿಸಬೇಕು. ಹೊಳೆ ದಂಡೆಯಲ್ಲಿ ಆಳು ಸಿಗುವುದಿಲ್ಲ ಅನ್ನುವುದು ಸಣ್ಣಸ್ವಾಮಿಯವರ ವಾದ. ತಂದ ಸಾಮಾನನ್ನೆಲ್ಲ ಚಾಪೆಯ ಮೇಲೆ ಹರಡಿಸುತ್ತಾರೆ. ಮೆತ್ತಗಿನದೆಲ್ಲ ಪೆಟ್ಟಿಗೆಗೆ, ಗಟ್ಟಿಯದೆಲ್ಲ ಕಾರಿನೊಳಗೆ ಕಾಲ ಬುಡಕ್ಕೆ. ದೊಡ್ಡದನ್ನು ತುಂಬಿ ಎತ್ತಲು ಹೋದ ಕುಶಾಲಪ್ಪನವರ ಮುಖ ಕೆಂಪಾಗುತ್ತದೆ. ಅದು ಮೊಣಕಾಲಿನ ಮಟ್ಟ ದಾಟುವುದಿಲ್ಲ. "ಸಾಕು ಬಿಡಿ, ಸೊಂಟ ಉಳುಕಿಸ್ಕೊಂಡ್ರೆ ಅಲ್ಲಿ ಗುಡಾರ ಹಾಕೋದು ಯಾರು?" ಎಂದು ಯಮುನ ನಗುತ್ತಾರೆ. ನಡುವಿನದನ್ನು ಇಬ್ಬರೂ ಎತ್ತಿ ಕಾರಿನ ಮೇಲಿಡುತ್ತಾರೆ, ಇಳಿಸುತ್ತಾರೆ. ತೀರ್ಮಾನವಾಯಿತು.

ತಕರಾರು ಉಳಿಯುವುದು ಹೊನ್ನಮ್ಮನವರದು. ಅವರು ಮನೆಯಿಂದ ಚಟ್ನಿ ಅರೆಯುವ ಪುಟ್ಟ ಒರಳು ಮತ್ತು ಅದರ ಗುಂಡು ತಂದಿದ್ದಾರೆ.

"ಅವ್ವಾ, ಕಲ್ಲು ಪೆಟ್ಟಿಗೆಗೆ ಬ್ಯಾಡ. ಕಾಲ ಬುಡಕ್ಕೆ ಮಡಿಕ್ಕಳಿ."

"ಎಂತ ಮಾರಾಯ, ಒರಳಾದ್ರೆ ಕೂತಲ್ಲಿ ಕೂತಿರ್ತದೆ. ಗುಂಡು ಉರುಳಿ ನನ್ನ ಕಾಲಿಗೆ ಬಿದ್ರೆ ನೀನು ಮದ್ದು ಹಾಕ್ತೀಯಾ?"

"ಗೋಣಿಚೀಲ ಸುತ್ತಿ ಕೊಡ್ತೀನಿ."

ಹೊನ್ನಮ್ಮ ಮೂತಿ ತಿರುಗಿಸುತ್ತಾರೆ. ವನಜಮ್ಮ ಎಲ್ಲರಿಗೂ ಕಾಫಿ ಕೊಡುತ್ತಾರೆ. ಕುಡಿದಾದ ಮೇಲೆ ಪೆಟ್ಟಿಗೆಯನ್ನು ಮೇಲಿಟ್ಟು ಬಿಗಿಯುತ್ತಾರೆ. ಕಾರಿನ ಮಾಡಿನ ಎರಡೂ ಅಂಚಿನಲ್ಲಿ ಮಳೆನೀರು ಹರಿಯುವ ತಗಡಿನ ಪಟ್ಟಿಗೆ ಆರು ಕಬ್ಬಿಣದ ಕೊಕ್ಕೆ. ಕಡೆಗೆ ಸಣ್ಣಸ್ವಾಮಿ ಒಂದು ಹಳೇ ಪತ್ರಿಕೆಯ ಅಂಚು ಹರಿದು, ಗಂಜಿ ಸವರಿ, ಹಿಂದಿನ ಮುಚ್ಚಳಕ್ಕೂ ಪೆಟ್ಟಿಗೆಗೂ ಸೇರಿಸಿ ಅಡ್ಡಲಾಗಿ ಅಂಟಿಸುತ್ತಾರೆ. ಮುಚ್ಚಳ ಒಂದು ಕೂದಲೆಳೆ ಅಲುಗಿದರೂ ಕಾಗದ ಹರಿಯುತ್ತದೆ. ಹರಿಯದೆ ತಿತಿಮತಿ ದಾಟಿದರೆ ಪೆಟ್ಟಿಗೆ ಪಾಸು. ನಮ್ಮ ಪತ್ರಿಕೆ ಇಷ್ಟಾದರೂ ಉಪಯೋಗಕ್ಕೆ ಬರುತ್ತದಲ್ಲ ಎಂದು ನನಗೆ ಸಂತೋಷ.

ಆ ಕಾರಿನಲ್ಲಿ ಏಳು ಜನ ಹೇಗೆ ಕೂತೆವೆಂದು ಕೇಳಬೇಡಿ. ನನ್ನ ಒಂದು ಕಾಲು ಒರಳಿನ ಮೇಲಿದೆ, ಇನ್ನೊಂದು ಎಲ್ಲಿದೆಯೋ ಗೊತ್ತಿಲ್ಲ. ಸಣ್ಣಸ್ವಾಮಿ ಮುಂದೆ ಕಿಟಕಿಯ ಪಕ್ಕ ಕೂತು ತಲೆಯನ್ನು ಹೊರಗೆ ಚಾಚಿ ಕಿವಿಗೊಟ್ಟಿದ್ದಾರೆ. ಏರು ದಾರಿಯಲ್ಲಿ ಒಂದು ಸಲ "ಟಕ್" ಅನ್ನುತ್ತದೆ. ಅವರ ಮುಖ ಕಪ್ಪಿಡುತ್ತದೆ. ಇನ್ನೊಂದು ಸಲ "ಟಕ್". ಸಿದ್ದಾಪುರ ತಲುಪಿದ ಕೂಡಲೇ ಕಾರು ನಿಲ್ಲಿಸಲು ಹೇಳಿ, ಇಳಿದು ಹಿಂದಕ್ಕೆ ಓಡುತ್ತಾರೆ. ಕಾಗದ ಹರಿದಿದೆ.

ಆ ಹೊತ್ತಿನ ಅವರ ಮುಖವನ್ನು ನಾನು ಮರೆಯಲಾರೆ. ಕುಶಾಲಪ್ಪನವರು ಬಂದು ನೋಡುತ್ತಾರೆ. ಯಮುನ ಹೇಳುತ್ತಾರೆ: "ನಾವು ಮೆಲ್ಲ ಹೋಗ್ತೇವೆ ಸಣ್ಣಸ್ವಾಮಿ. ಮಕ್ಕಳು ಎರಡು ವರ್ಷದಿಂದ ಕಾಯ್ತಾ ಇದ್ದಾವೆ. ಇನ್ನೊಮ್ಮೆ ವಾಪಸು ಹೋಗುವ ಅನ್ಲಿಕ್ಕೆ ನನ್ನಿಂದಾಗೋದಿಲ್ಲ."

"ಮೆಲ್ಲಗೆ ಹೋದ್ರೆ ಹೋಯ್ತದೆ ಅಮ್ಮಾ. ಆದ್ರೆ ಮೆಲ್ಲಗೆ ಹೋಗೋ ಪೆಟ್ಟಿಗೆ ನಾನು ಮಾಡಿಲ್ಲ. ಇಳಿಸಿ."

"ಈಗ ಬಿಸಿಲೇರ್ತದೆ ಮಾರಾಯ" ಎಂದು ಕುಶಾಲಪ್ಪನವರು ರೇಗುತ್ತಾರೆ.

"ಏರ್ಲಿ ಸಾವ್ಕಾರ್ರೆ. ಯಾಕೆ ಹರೀತು ಅಂತ ಗೊತ್ತಾಗೋಗಂಟ ಇದು ಇಲ್ಲಿಂದ ಒಂದಡಿ ಮುಂದಕ್ಕೆ ಹೋಗಲ್ಲ. ಬೇಕಾದ್ರೆ ಚಕ್ರದ ಮುಂದೆ ಮಲಗ್ತೀನಿ."

ಮಲಗುವ ಮನುಷ್ಯನೇ ಎಂದು ನನಗನ್ನಿಸುತ್ತದೆ. ಗಂಡ ಹೆಂಡತಿ ಪೆಟ್ಟಿಗೆ ಇಳಿಸುತ್ತಾರೆ. ಸಿದ್ದಾಪುರದ ಹೋಟೆಲಿನಿಂದ ಜನ ಲೋಟ ಹಿಡಿದುಕೊಂಡೇ ಹೊರಗೆ ಬಂದು ನಿಲ್ಲುತ್ತಾರೆ. ಗುಂಪಿನಲ್ಲಿ ಯಾರೋ "ಹಾರೋ ಪೆಟ್ಟಿಗೆ" ಎಂದು ಪಿಸುಗುಟ್ಟುತ್ತಾರೆ. ಸಣ್ಣಸ್ವಾಮಿ ತಲೆ ಎತ್ತುವುದಿಲ್ಲ. ಕೊಕ್ಕೆ ಒಂದೊಂದನ್ನೂ ಎಳೆದು ನೋಡುತ್ತಾರೆ, ಬಿಗಿಯಾಗಿವೆ. ಕೀಲು ನೋಡುತ್ತಾರೆ, ಸರಿಯಿದೆ. ಆಮೇಲೆ ಹಾಸಿಗೆ ಒಂದೊಂದನ್ನೇ ತೆಗೆದು ಚಾಪೆಯ ಮೇಲೆ ಹಾಕುತ್ತಾರೆ. ಮೂರನೆಯ ಹಾಸಿಗೆಯ ಸಂದಿಯಿಂದ ಏನೋ ದಡಬಡ ಉರುಳಿ ಬಂದು ಅವರ ಕಾಲ ಬಳಿ ನಿಲ್ಲುತ್ತದೆ. ಗುಂಡುಕಲ್ಲು!

ಎಲ್ಲರೂ ಹೊನ್ನಮ್ಮನವರ ಕಡೆ ತಿರುಗುತ್ತೇವೆ. ಅವರು ಆಕಾಶ ನೋಡುತ್ತಿದ್ದಾರೆ. ಕಾಫಿ ಕುಡಿಯುವ ಹೊತ್ತಿನಲ್ಲಿ ಯಾರಿಗೂ ಕಾಣದ ಹಾಗೆ ಅದನ್ನು ಹಾಸಿಗೆಯ ನಡುವೆ ತೂರಿಸಿದ್ದಾರೆ. ಏರಿನಲ್ಲಿ ಅದು ಹಿಂದಕ್ಕೆ ಉರುಳಿ ಮುಚ್ಚಳಕ್ಕೆ ಗುದ್ದಿದೆ.

"ಅತ್ತೇ!" ಎಂದು ಯಮುನ ಹಣೆ ಚಚ್ಚಿಕೊಳ್ಳುತ್ತಾರೆ.

"ಮತ್ತೆ? ಉರುಳ್ತದೆ ಅಂತ ನಾನು ಹೇಳ್ಲಿಲ್ವಾ?" ಎನ್ನುತ್ತಾರೆ ಹೊನ್ನಮ್ಮ.

ಹೋಟೆಲಿನ ಮುಂದೆ ನಿಂತ ಜನವೆಲ್ಲ ಗೊಳ್ಳನೆ ನಗುತ್ತಾರೆ. ಕುಶಾಲಪ್ಪನವರೂ ನಗುತ್ತಾರೆ. ಸಣ್ಣಸ್ವಾಮಿ ಮಾತ್ರ ನಗದೆ, ಗುಂಡನ್ನು ಎತ್ತಿ ಟವೆಲಿನಿಂದ ಒರೆಸುತ್ತಾರೆ. "ನಿಮ್ಮ ಕಾಲಿಗೂ ಬ್ಯಾಡ ಅವ್ವಾ, ಪೆಟ್ಟಿಗೆಗೂ ಬ್ಯಾಡ. ನನ್ನ ತೊಡೆ ಮ್ಯಾಲೆ ಇರ್ಲಿ." ಹೋಟೆಲಿನವರಿಂದ ಒಂದು ಸೌಟು ಗಂಜಿ ಕೇಳಿ ತಂದು ಹೊಸ ಕಾಗದ ಅಂಟಿಸುತ್ತಾರೆ. ಅದು ಒಣಗುವವರೆಗೆ ಯಾರೂ ಕಾರು ಹತ್ತುವಂತಿಲ್ಲ. ಮುಕ್ಕಾಲು ಗಂಟೆ ಕಾಯುತ್ತೇವೆ.

ತಿತಿಮತಿಯ ನೇರ ದಾರಿ ಬರುತ್ತದೆ. ಎರಡೂ ಕಡೆ ಕಾಡು, ನಡುವೆ ಗೆರೆ ಎಳೆದ ಹಾಗೆ ರಸ್ತೆ. ಕುಶಾಲಪ್ಪನವರ ಕಾಲು ತಾನಾಗಿ ಸಡಿಲವಾಗುತ್ತದೆ, ಕಾರು ನಿಧಾನವಾಗುತ್ತದೆ.

"ಒತ್ತಿ ಸಾವ್ಕಾರ್ರೆ. ಅವತ್ತು ಎಷ್ಟು ಒತ್ತಿದ್ರೋ ಅಷ್ಟೇ ಒತ್ತಿ."

ಮೂವತ್ತು. ಮೂವತ್ತೈದು. ಮಕ್ಕಳು ಅಮ್ಮನ ಸೆರಗು ಹಿಡಿದುಕೊಂಡಿದ್ದಾರೆ. ನಲವತ್ತು. ಸಣ್ಣಸ್ವಾಮಿಯವರ ಎರಡೂ ಕೈ ಗುಂಡುಕಲ್ಲನ್ನು ಅವುಚಿ ಹಿಡಿದಿವೆ, ತಲೆ ಕಿಟಕಿಯ ಹೊರಗೆ. ಮೇಲಿನಿಂದ ಗಾಳಿಯ ಸದ್ದು ಬಿಟ್ಟರೆ ಇನ್ನೇನೂ ಕೇಳಿಸುವುದಿಲ್ಲ. ನೇರ ದಾರಿ ಮುಗಿದು ತಿರುವಿನಲ್ಲಿ ಕಾರು ನಿಲ್ಲುತ್ತದೆ. ಈ ಸಲ ಅವರು ಓಡುವುದಿಲ್ಲ. ಕೂತೇ ಇರುತ್ತಾರೆ.

"ನೀವೇ ನೋಡಿ ಅಮ್ಮಾ" ಎನ್ನುತ್ತಾರೆ.

ಯಮುನ ಇಳಿದು ಹಿಂದಕ್ಕೆ ಹೋಗುತ್ತಾರೆ. ಬೆರಳಿನಿಂದ ಕಾಗದದ ಉದ್ದಕ್ಕೂ ಸವರುತ್ತಾರೆ. "ಹರ್ದಿಲ್ಲ" ಎನ್ನುತ್ತಾರೆ. ಆಮೇಲೆ, ಕಾರಿನೊಳಗೆ ಎಲ್ಲರಿಗೂ ಕೇಳಿಸುವಂತೆ ಇನ್ನೊಮ್ಮೆ: "ಸಣ್ಣಸ್ವಾಮಿ, ಒಂಚೂರೂ ಹರ್ದಿಲ್ಲ!"

ಅವರು ಇಳಿದು, ಗುಂಡುಕಲ್ಲನ್ನು ಹೊನ್ನಮ್ಮನವರ ಕೈಗೆ ಕೊಟ್ಟು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಒರೆಸಿಕೊಳ್ಳುವುದು ಸ್ವಲ್ಪ ಹೊತ್ತು ನಡೆಯುತ್ತದೆ. ಹೊಳೆ ದಂಡೆಗೆ ಬಂದು ಚಟ್ನಿ, ರೊಟ್ಟಿ ತಿಂದು ಹೋಗೆಂದು ಹೊನ್ನಮ್ಮ ಎಷ್ಟು ಬಲವಂತ ಮಾಡಿದರೂ ಒಪ್ಪುವುದಿಲ್ಲ. ಮನೆಯಲ್ಲಿ ವನಜಮ್ಮ ಕಾಯುತ್ತಿರುತ್ತಾರೆ, ಇಪ್ಪತ್ಮೂರನೆಯದಕ್ಕೆ ಹಲಗೆ ಸೀಳಬೇಕು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ರಸ್ತೆಯ ನಡುವೆಯೇ ನಿಂತು ನೋಡುತ್ತಾರೆ.

ನಾವಿಬ್ಬರೂ ವಾಪಸು ಬರುವ ಬಸ್ಸಿನ ಕಂಡಕ್ಟರನಿಗೆ ಇವರ ಗುರುತು ಚೆನ್ನಾಗಿದೆ. ಟಿಕೆಟ್ ಹರಿಯುತ್ತಾ, ಇಡೀ ಬಸ್ಸಿಗೆ ಕೇಳುವಂತೆ, ಎಂದಿನ ಪ್ರಶ್ನೆಯನ್ನೇ ಕೇಳುತ್ತಾನೆ: "ಏನಣ್ಣಾ, ಪೆಟ್ಟಿಗೆ ಹೋಯ್ತಾ?"

"ಹೂಂ ಕಣಪ್ಪಾ, ಹೋಯ್ತು" ಎನ್ನುತ್ತಾರೆ ಸಣ್ಣಸ್ವಾಮಿ, ಕಾಲು ಚಾಚಿ ಕೂರುತ್ತಾ. "ಕಾರಿನ ಜೊತೆಗೇ ಹೋಯ್ತು."